ಪೆಟ್ಟಿಗೆಯ ಮೇಲಿನ ಹೆಸರು

ಪಾತ್ರಾಭಿನಯದ ಆಟಗಳ ಉದ್ದಿಮೆಯಲ್ಲಿ ವಿನ್ಯಾಸಕಾರರ ಮನ್ನಣೆಯ ಪ್ರಶ್ನೆ

1974ರ ಜನವರಿಯಲ್ಲಿ ಅಮೆರಿಕದ ವಿಸ್ಕಾನ್ಸಿನ್ ರಾಜ್ಯದ ಲೇಕ್ ಜಿನೀವಾ ಎಂಬ ಸಣ್ಣ ಪಟ್ಟಣದಿಂದ ಒಂದು ಹೊಸ ಸರಕು ಮಾರುಕಟ್ಟೆಗೆ ಬಂದಿತು. ಮರದ ಹಲಗೆಯಂತೆ ಕಾಣುವ ಕಾಗದ ಹೊದಿಸಿದ ರಟ್ಟಿನ ಪೆಟ್ಟಿಗೆ, ಅದರೊಳಗೆ ಮೂರು ತೆಳುವಾದ ಪುಸ್ತಿಕೆಗಳು, ಬೆಲೆ 10 ಡಾಲರ್. ಮೊದಲ ಮುದ್ರಣ 1,000 ಪ್ರತಿಗಳು ಮಾತ್ರ. ಪೆಟ್ಟಿಗೆಗಳನ್ನು ಮನೆಯಲ್ಲಿಯೇ ಕೈಯಿಂದ ಜೋಡಿಸಲಾಗಿತ್ತು. ಅವು ಖರ್ಚಾಗಲು ಹೆಚ್ಚುಕಡಿಮೆ ಒಂದು ವರ್ಷ ಹಿಡಿಯಿತು. ಆಟದ ಹೆಸರು ‘ಡಂಜನ್ಸ್ ಅಂಡ್ ಡ್ರ್ಯಾಗನ್ಸ್’. ಪೆಟ್ಟಿಗೆಯ ಮೇಲೆ ಗೈಗ್ಯಾಕ್ಸ್ ಮತ್ತು ಆರ್ನೆಸನ್ ಎಂಬ ಎರಡು ಹೆಸರುಗಳಿದ್ದವು.

ಅಂದು ಆ ಎರಡು ಹೆಸರುಗಳಿಗೆ ಹಣದ ಬೆಲೆ ಇರಲಿಲ್ಲ. ಆರೇಳು ವರ್ಷಗಳಲ್ಲಿ ಬೆಲೆ ಬಂದಿತು. ಬೆಲೆಯೊಡನೆ ವ್ಯಾಜ್ಯವೂ ಬಂದಿತು. ಅರ್ಧ ಶತಮಾನ ಕಳೆದರೂ ಈ ಉದ್ದಿಮೆಯಲ್ಲಿ ಯಾವ ವಿನ್ಯಾಸಕಾರನಿಗೆ ಯಾವ ಗೌರವ ಸಲ್ಲಬೇಕೆಂಬ ಚರ್ಚೆ ನಡೆದಾಗಲೆಲ್ಲ ಮಾತು ಆ ಪೆಟ್ಟಿಗೆಗೇ ಹಿಂದಿರುಗುತ್ತದೆ.

ಇಂತಹ ಆಟಗಳ ಪರಿಚಯವಿಲ್ಲದವರಿಗೆ ತಾಳಮದ್ದಳೆಯ ಹೋಲಿಕೆ ನೆರವಾದೀತು. ತಾಳಮದ್ದಳೆಯಲ್ಲಿ ವೇಷವಿಲ್ಲ, ಕುಣಿತವಿಲ್ಲ. ಅರ್ಥಧಾರಿಗಳು ಕುಳಿತಲ್ಲಿಯೇ ಪಾತ್ರವಾಗಿ ಮಾತನಾಡುತ್ತಾರೆ, ಮಾತು ಆ ಕ್ಷಣದಲ್ಲಿ ಹುಟ್ಟುತ್ತದೆ. ಪಾತ್ರಾಭಿನಯದ ಆಟದಲ್ಲಿಯೂ ನಾಲ್ಕಾರು ಜನ ಮೇಜಿನ ಸುತ್ತ ಕುಳಿತು ಒಬ್ಬೊಬ್ಬರು ಒಂದೊಂದು ಪಾತ್ರವನ್ನು ವಹಿಸಿಕೊಳ್ಳುತ್ತಾರೆ. ಭಾಗವತರಂತೆ ಒಬ್ಬ ನಿರ್ವಾಹಕ ಕಥೆಯನ್ನು ಮುನ್ನಡೆಸುತ್ತಾನೆ. ವ್ಯತ್ಯಾಸವೆಂದರೆ, ಇಲ್ಲಿ ಪ್ರಸಂಗದ ಕೊನೆ ಯಾರಿಗೂ ಗೊತ್ತಿರುವುದಿಲ್ಲ. ಬೀಸಿದ ಕತ್ತಿ ತಗುಲಿತೇ, ಹಾರಿದವನು ಕಂದಕ ದಾಟಿದನೇ ಎಂಬುದನ್ನು ದಾಳ ಉರುಳಿಸಿ, ಪುಸ್ತಕದಲ್ಲಿರುವ ನಿಯಮಗಳಂತೆ ತೀರ್ಮಾನಿಸಲಾಗುತ್ತದೆ. ಆ ನಿಯಮಗಳನ್ನು ರೂಪಿಸುವವರೇ ವಿನ್ಯಾಸಕಾರರು.

ಹೀಗಾಗಿ ಇಲ್ಲಿ ಮಾರಾಟವಾಗುವ ಸರಕು ಮುಖ್ಯವಾಗಿ ನಿಯಮ. ಆದರೆ ಅಮೆರಿಕದ ಕೃತಿಸ್ವಾಮ್ಯ ಕಾನೂನು ಆಟದ ನಿಯಮಗಳನ್ನು ರಕ್ಷಿಸುವುದಿಲ್ಲ. ನಿಯಮವನ್ನು ವಿವರಿಸಿದ ವಾಕ್ಯಗಳನ್ನು, ಚಿತ್ರಗಳನ್ನು ಮಾತ್ರ ರಕ್ಷಿಸುತ್ತದೆ. ಒಬ್ಬನ ಕಲ್ಪನೆಯನ್ನು ಇನ್ನೊಬ್ಬ ತನ್ನ ಮಾತಿನಲ್ಲಿ ಬರೆದು ಮಾರಿದರೆ ಸಾಮಾನ್ಯವಾಗಿ ತಡೆಯಿಲ್ಲ. ಅದರ ಮೇಲೆ, ಈ ಉದ್ದಿಮೆಯ ಬರವಣಿಗೆಯಲ್ಲಿ ದೊಡ್ಡ ಪಾಲು ಪದಕ್ಕೆ ಇಷ್ಟು ಸೆಂಟ್ ಎಂದು ಎಣಿಸಿ ಬಿಡಿ ಲೇಖಕರಿಂದ ಬರೆಯಿಸಿಕೊಂಡದ್ದು. ಕೂಲಿಗಾಗಿ ಮಾಡಿದ ಕೃತಿ ಎಂಬ ಕರಾರಿಗೆ ಸಹಿ ಬಿದ್ದರೆ ಅಲ್ಲಿನ ಕಾನೂನಿನ ದೃಷ್ಟಿಯಲ್ಲಿ ಬರೆಯಿಸಿದ ಕಂಪನಿಯೇ ಕರ್ತೃ. ಭಾರತದಲ್ಲಿ 1957ರ ಕೃತಿಸ್ವಾಮ್ಯ ಕಾಯಿದೆಯ 57ನೇ ಕಲಮು, ಹಕ್ಕನ್ನು ಮಾರಿದ ಮೇಲೆಯೂ ‘ಇದು ನನ್ನ ಕೃತಿ’ ಎಂದು ಹೇಳಿಕೊಳ್ಳುವ ಅಧಿಕಾರವನ್ನು ಲೇಖಕನಲ್ಲಿ ಉಳಿಸುತ್ತದೆ. ಅಮೆರಿಕದ ಕಾನೂನು ಅಂತಹ ಅಧಿಕಾರವನ್ನು ಕೆಲವು ಬಗೆಯ ದೃಶ್ಯಕಲಾಕೃತಿಗಳಿಗೆ ಮಾತ್ರ ಕೊಟ್ಟಿದೆ. ಕಾನೂನು ಕೊಡದ ಕಡೆ ಉಳಿಯುವುದು ಹೆಸರೊಂದೇ. ಆದ್ದರಿಂದ ಈ ರಂಗದಲ್ಲಿ ಪ್ರಶಸ್ತಿಯನ್ನು, ಮುಖಪುಟದ ಹೆಸರನ್ನು ಕೇವಲ ಅಲಂಕಾರವೆಂದು ತಳ್ಳಿಹಾಕುವಂತಿಲ್ಲ. ವಿನ್ಯಾಸಕಾರನ ಮುಂದಿನ ಕೆಲಸ, ಮುಂದಿನ ದರ ಎರಡೂ ಅದನ್ನೇ ಅವಲಂಬಿಸಿವೆ.

ಇಬ್ಬರು, ಒಂದು ಆಟ

ಗ್ಯಾರಿ ಗೈಗ್ಯಾಕ್ಸ್ ಷಿಕಾಗೋದಲ್ಲಿ ವಿಮಾ ಕಂಪನಿಯೊಂದರ ನೌಕರರಾಗಿದ್ದವರು. 1970ರಲ್ಲಿ ಆ ಕೆಲಸ ಹೋಯಿತು. ಆಟಗಳ ಬರವಣಿಗೆಯಿಂದ ಸಂಸಾರ ಸಾಗದೆ ಮನೆಯಲ್ಲಿ ಪಾದರಕ್ಷೆಗಳ ದುರಸ್ತಿ ಮಾಡಿದರು. ಡೇವ್ ಆರ್ನೆಸನ್ ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನವರು. ವಿಶ್ವವಿದ್ಯಾಲಯದ ವಿದ್ಯಾರ್ಥಿಯಾಗಿದ್ದು ಕಾವಲುಗಾರನ ಕೆಲಸವನ್ನೂ ಮಾಡಿದವರು. ಇಬ್ಬರಿಗೂ ಪುಟ್ಟ ಸೈನಿಕರ ಬೊಂಬೆಗಳನ್ನಿಟ್ಟು ಯುದ್ಧ ಆಡುವ ಹವ್ಯಾಸವಿತ್ತು.

ಆರ್ನೆಸನ್ ಅವರ ಬಳಗದ ಡೇವಿಡ್ ವೆಸ್ಲಿ 1969ರಲ್ಲಿ ‘ಬ್ರೌನ್‌ಸ್ಟೈನ್’ ಎಂಬ ಆಟ ನಡೆಸಿದ್ದರು. ಕಾಲ್ಪನಿಕ ಜರ್ಮನ್ ಪಟ್ಟಣವೊಂದರಲ್ಲಿ ಒಬ್ಬ ಆಟಗಾರ ನಗರಾಧ್ಯಕ್ಷ, ಇನ್ನೊಬ್ಬ ವಿದ್ಯಾರ್ಥಿ. ದಂಡನ್ನು ನಡೆಸುವ ಬದಲು ಒಬ್ಬ ವ್ಯಕ್ತಿಯಾಗಿ ಆಡುವ ಕಲ್ಪನೆ ಅಲ್ಲಿ ಮೊಳೆಯಿತು. ಆರ್ನೆಸನ್ ಅದನ್ನು ಹಿಡಿದು 1971ರಲ್ಲಿ ‘ಬ್ಲ್ಯಾಕ್‌ಮೂರ್’ ಆರಂಭಿಸಿದರು: ಕೋಟೆಯ ಕೆಳಗೆ ನೆಲಮಾಳಿಗೆಗಳು, ಅಲ್ಲಿ ರಾಕ್ಷಸರು, ನಿಧಿ. ಪಾತ್ರ ಒಂದು ರಾತ್ರಿಗೆ ಮುಗಿಯದೆ ವಾರದಿಂದ ವಾರಕ್ಕೆ ಅನುಭವ ಗಳಿಸಿ ಬೆಳೆಯುವುದು. ಗೈಗ್ಯಾಕ್ಸ್ ಮತ್ತು ಜೆಫ್ ಪೆರೆನ್ ಬರೆದು 1971ರಲ್ಲಿ ಪ್ರಕಟವಾದ ‘ಚೈನ್‌ಮೇಲ್’ ಎಂಬ ಮಧ್ಯಯುಗದ ಕಾಳಗದ ನಿಯಮಾವಳಿಯಿಂದಲೂ ಆರ್ನೆಸನ್ ಕೆಲವನ್ನು ಎತ್ತಿಕೊಂಡರು. 1972ರ ಕೊನೆಯಲ್ಲಿ ಲೇಕ್ ಜಿನೀವಾಕ್ಕೆ ಹೋಗಿ ಗೈಗ್ಯಾಕ್ಸ್ ಅವರ ಮನೆಯಲ್ಲಿ ಆಟವನ್ನು ಆಡಿಸಿ ತೋರಿಸಿದರು. ಬಳಿಕ ಟಿಪ್ಪಣಿಗಳನ್ನು ಕಳುಹಿಸಿಕೊಟ್ಟರು. ಗೈಗ್ಯಾಕ್ಸ್ ಅವರ ಲೆಕ್ಕದಲ್ಲಿ ಅವು ಇಪ್ಪತ್ತು ಪುಟ ದಾಟುತ್ತಿರಲಿಲ್ಲ. ಅವನ್ನು ಹಿಗ್ಗಿಸಿ, ತಿದ್ದಿ, ಅಪರಿಚಿತನೊಬ್ಬ ಪುಸ್ತಕ ಕೊಂಡು ಆಡಬಹುದಾದ ಸ್ಥಿತಿಗೆ ತಂದವರು ಗೈಗ್ಯಾಕ್ಸ್.

ಮುದ್ರಣಕ್ಕೆ ಹಣ ಬೇಕಿತ್ತು. ಗೈಗ್ಯಾಕ್ಸ್ ಅವರ ಬಾಲ್ಯದ ಗೆಳೆಯ ಡಾನ್ ಕೇ ತಮ್ಮ ಜೀವವಿಮೆಯ ಮೇಲೆ 1,000 ಡಾಲರ್ ಸಾಲ ತೆಗೆದು ಹಾಕಿದರು. 1973ರ ಅಕ್ಟೋಬರಿನಲ್ಲಿ ಟಿಎಸ್‌ಆರ್ ಕಂಪನಿ ಹುಟ್ಟಿತು. ಡಿಸೆಂಬರಿನಲ್ಲಿ ಬ್ರಯನ್ ಬ್ಲೂಮ್ 2,000 ಡಾಲರ್ ತಂದರು. ಕೇ 1975ರ ಜನವರಿಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ತಮ್ಮ ಸಾಲದ ಹಣ ಏನಾಗಿ ಬೆಳೆಯಿತೆಂಬುದನ್ನು ಅವರು ನೋಡಲಿಲ್ಲ.

ಆರ್ನೆಸನ್ 1976ರಲ್ಲಿ ಟಿಎಸ್‌ಆರ್ ಸೇರಿ ಅದೇ ವರ್ಷ ಹೊರಬಂದರು. 1977ರಿಂದ 1979ರ ನಡುವೆ ಕಂಪನಿ ‘ಅಡ್ವಾನ್ಸ್‌ಡ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್’ ಎಂಬ ಹೆಸರಿನಲ್ಲಿ ಮೂರು ದಪ್ಪ ಪುಸ್ತಕಗಳನ್ನು ತಂದಿತು. ಅವುಗಳ ಮೇಲೆ ಗೈಗ್ಯಾಕ್ಸ್ ಒಬ್ಬರದೇ ಹೆಸರು. ಇದು ಬೇರೆಯೇ ಆಟ, ಆದ್ದರಿಂದ ಹಳೆಯ ಕರಾರಿನ ರಾಯಲ್ಟಿ ಇದಕ್ಕೆ ಅನ್ವಯಿಸುವುದಿಲ್ಲ ಎಂಬುದು ಕಂಪನಿಯ ವಾದ. ಹೆಸರಿನ ಮುಂದೆ ಒಂದು ವಿಶೇಷಣ ಸೇರಿಸಿದ ಮಾತ್ರಕ್ಕೆ ಆಟ ಬೇರೆಯಾಗದು ಎಂಬುದು ಆರ್ನೆಸನ್ ಅವರ ವಾದ. 1979ರಲ್ಲಿ ಅವರು ನ್ಯಾಯಾಲಯದ ಮೆಟ್ಟಿಲೇರಿದರು. 1981ರ ಮಾರ್ಚ್‌ನಲ್ಲಿ ರಾಜಿಯಾಯಿತು. ಇಬ್ಬರೂ ಸಹ-ನಿರ್ಮಾತೃಗಳೆಂದು ಒಪ್ಪಲಾಯಿತು. ಹೊಸ ಸಾಲಿನ ಸರಕುಗಳ ಮೇಲೆ ಆರ್ನೆಸನ್‌ಗೆ ಶೇಕಡ 2.5 ರಾಯಲ್ಟಿ ನಿಗದಿಯಾಯಿತು. 1997ರಲ್ಲಿ ಟಿಎಸ್‌ಆರ್ ಅನ್ನು ಕೊಂಡ ವಿಜರ್ಡ್ಸ್ ಆಫ್ ದಿ ಕೋಸ್ಟ್ ಕಂಪನಿಯ ಪೀಟರ್ ಆಡ್ಕಿಸನ್, ಆರ್ನೆಸನ್ ಅವರಿಗೆ ಇಡುಗಂಟು ಕೊಟ್ಟು ಆ ಬಾಧ್ಯತೆಯನ್ನು ತೀರಿಸಿದರು. 2000ದಲ್ಲಿ ಹೊಸ ಆವೃತ್ತಿ ಬಂದಾಗ ‘ಅಡ್ವಾನ್ಸ್‌ಡ್’ ಎಂಬ ಪದ ಹೆಸರಿನಿಂದ ಬಿದ್ದುಹೋಯಿತು. ಅದನ್ನು ಉಳಿಸಿಕೊಳ್ಳಲು ಲೆಕ್ಕಪತ್ರದ ಕಾರಣ ಇನ್ನು ಇರಲಿಲ್ಲ.

ಕಾಲದ ವ್ಯಂಗ್ಯವೂ ಇಲ್ಲಿದೆ. 1985ರಲ್ಲಿ ಗೈಗ್ಯಾಕ್ಸ್ ತಾವೇ ಕಟ್ಟಿದ ಕಂಪನಿಯ ಹತೋಟಿಯನ್ನು ಕಳೆದುಕೊಂಡರು. 1992ರಲ್ಲಿ ಬೇರೆ ಪ್ರಕಾಶಕರ ಮೂಲಕ ‘ಡೇಂಜರಸ್ ಜರ್ನೀಸ್’ ಎಂಬ ಹೊಸ ಆಟ ತಂದಾಗ ಟಿಎಸ್‌ಆರ್ ಅವರ ಮೇಲೆಯೇ ದಾವೆ ಹೂಡಿತು. ಕೊನೆಗೆ ಆ ಆಟದ ಹಕ್ಕುಗಳನ್ನು ತಾನೇ ಕೊಂಡು ಬೀಗ ಹಾಕಿತು. ಗೈಗ್ಯಾಕ್ಸ್ 2008ರ ಮಾರ್ಚ್‌ನಲ್ಲಿ, ಆರ್ನೆಸನ್ 2009ರ ಏಪ್ರಿಲ್‌ನಲ್ಲಿ ನಿಧನರಾದರು.

ಯಾರದು ಹೆಚ್ಚು ಎಂಬ ವಾದ ಇಂದಿಗೂ ನಿಂತಿಲ್ಲ. ಕಾರ್ಖಾನೆ ನಡೆಸಿದವರಿಗೆ ಇದು ಹೊಸ ಪ್ರಶ್ನೆಯಲ್ಲ. ಮೊದಲ ಮಾದರಿಯನ್ನು ಕೈಯಲ್ಲಿ ಮಾಡಿ ತೋರಿಸುವವನು ಒಬ್ಬ. ಅದನ್ನು ಅಚ್ಚಿಗೆ ಒಗ್ಗುವಂತೆ ಅಳತೆ ಹಾಕಿ ಸಾವಿರ ಪ್ರತಿ ತೆಗೆಯುವಂತೆ ಮಾಡುವವನು ಇನ್ನೊಬ್ಬ. ಆರ್ನೆಸನ್ ಅವರ ಟಿಪ್ಪಣಿಗಳು ಇದ್ದಂತೆಯೇ ಮುದ್ರಣವಾಗಿದ್ದರೆ ಅವರ ಗೆಳೆಯರ ಹೊರತು ಯಾರಿಗೂ ಆಟ ಅರ್ಥವಾಗುತ್ತಿರಲಿಲ್ಲ. ಆರ್ನೆಸನ್ ಬಾರದಿದ್ದರೆ ಗೈಗ್ಯಾಕ್ಸ್ ಅವರ ಬಳಿ ಇದ್ದದ್ದು ಇನ್ನೊಂದು ಯುದ್ಧದಾಟ ಮಾತ್ರ. ಈ ಎರಡು ಬಗೆಯ ಕೆಲಸವನ್ನು ಒಂದೇ ತಕ್ಕಡಿಯಲ್ಲಿ ತೂಗಲು ಹೊರಟದ್ದರಿಂದಲೇ ವಾದ ಬೆಳೆಯಿತು. ಯಾರು ಯಾವುದನ್ನು ಮಾಡಿದರೆಂದು 1974ರಲ್ಲಿಯೇ ಒಂದು ಪುಟ ಬರೆದಿಟ್ಟಿದ್ದರೆ ವಕೀಲರಿಗೆ ಹೋದ ಹಣ ಬಹಳಷ್ಟು ಉಳಿಯುತ್ತಿತ್ತು.

ತೀರ್ಪು ಕೊಡುವವರು

ಈ ಉದ್ದಿಮೆಯಲ್ಲಿ ಗೌರವ ಹಂಚುವ ಮುಖ್ಯ ಕಟ್ಟೆಗಳು ಮೂರು. ಹಳೆಯದು ‘ಆರಿಜಿನ್ಸ್’ ಪ್ರಶಸ್ತಿ. 1975ರಲ್ಲಿ ಬಾಲ್ಟಿಮೋರ್‌ನಲ್ಲಿ ಆರಂಭವಾದ ಆಟಗಳ ಮೇಳದೊಂದಿಗೆ ಬೆಳೆದು ಬಂದದ್ದು. ಅದಕ್ಕೆ ಹೊಂದಿಕೊಂಡ ಗೌರವ ಪಟ್ಟಿಯೊಂದಿದೆ. ಗೈಗ್ಯಾಕ್ಸ್ ಅದಕ್ಕೆ 1980ರಲ್ಲಿ ಸೇರಿದರು, ಆರ್ನೆಸನ್ 1984ರಲ್ಲಿ. ನಡುವಿನ ನಾಲ್ಕು ವರ್ಷಗಳಲ್ಲಿ ಆ ರಾಜಿ ನಡೆದಿತ್ತೆಂಬುದನ್ನು ಗಮನಿಸಬೇಕು. ಮೇಳ ನಡೆಸುವುದು ಆಟ ತಯಾರಕರದೇ ಸಂಘ. ತಯಾರಕರ ಸಂಘ ತಯಾರಕರನ್ನು ಗೌರವಿಸುವುದರಲ್ಲಿ ತಪ್ಪಿಲ್ಲ; ಆದರೆ ಕಂಪನಿಗೂ ವಿನ್ಯಾಸಕಾರನಿಗೂ ಜಗಳವಿದ್ದಾಗ ಅಂತಹ ಸಂಘ ಯಾವ ಕಡೆ ವಾಲೀತೆಂಬ ಸಂಶಯ ಸಹಜ.

ಎರಡನೆಯದು 2001ರಲ್ಲಿ ಆರಂಭವಾದ ‘ಎನ್ನೀ’ ಪ್ರಶಸ್ತಿಗಳು. ಇಲ್ಲಿ ಪ್ರಕಾಶಕರು ತಮ್ಮ ಸರಕನ್ನು ತಾವೇ ಪರಿಶೀಲನೆಗೆ ಕಳುಹಿಸಬೇಕು. ಆಟಗಾರರ ಮತದಿಂದ ಆಯ್ಕೆಯಾದ ಐವರು ತೀರ್ಪುಗಾರರು ಪಟ್ಟಿ ಮಾಡುತ್ತಾರೆ. ಅಂತಿಮ ತೀರ್ಮಾನ ಸಾರ್ವಜನಿಕ ಮತದಾನದಿಂದ. ಪಾರದರ್ಶಕತೆಯಲ್ಲಿ ಇದು ಮೇಲು. ಆದರೆ ಹೆಚ್ಚು ಕೊಳ್ಳುಗರಿರುವ ಕಂಪನಿಗೆ ಹೆಚ್ಚು ಮತ ಬೀಳುವುದು ಮತಪೆಟ್ಟಿಗೆಯ ಸ್ವಭಾವ. ಇನ್ನೂರು ಪ್ರತಿ ಅಚ್ಚು ಹಾಕಿಸಿದವನು ಅಲ್ಲಿ ಗೆಲ್ಲುವುದು ಕಷ್ಟ.

ಮೂರನೆಯದು ವಿಚಿತ್ರವಾದದ್ದು. ಟಿಎಸ್‌ಆರ್‌ನ ಬ್ರಿಟಿಷ್ ಶಾಖೆ ‘ಇಂಡಿಯಾನಾ ಜೋನ್ಸ್’ ಚಲನಚಿತ್ರಗಳ ಆಧಾರದ ಆಟವೊಂದರ ಉಳಿದ ಪ್ರತಿಗಳನ್ನು ಸುಟ್ಟುಹಾಕಿತು. ಅರೆಬೆಂದ ತುಣುಕೊಂದರಲ್ಲಿ ಹೆಸರಿನ ಮೊದಲ ಅಕ್ಷರಗಳು ಸುಟ್ಟು ‘ಡಯಾನಾ ಜೋನ್ಸ್’ ಎಂಬಷ್ಟೇ ಉಳಿದಿತ್ತು. ಆ ಅವಶೇಷವನ್ನು ಪಾರದರ್ಶಕ ಪ್ಲಾಸ್ಟಿಕ್ ಗೋಪುರದಲ್ಲಿ ಹುದುಗಿಸಿ, 2001ರಿಂದ ಪ್ರಶಸ್ತಿಯಾಗಿ ಕೊಡಲಾಗುತ್ತಿದೆ. ಸಮಿತಿಯ ಬಹುತೇಕ ಸದಸ್ಯರ ಹೆಸರು ಗುಪ್ತ. ಮೊದಲ ಪುರಸ್ಕೃತರು ಪೀಟರ್ ಆಡ್ಕಿಸನ್. 2004ರಲ್ಲಿ ಪಾಲ್ ಝೀಗೆ ಅವರ ‘ಮೈ ಲೈಫ್ ವಿತ್ ಮಾಸ್ಟರ್’ ಎಂಬ ಪುಟ್ಟ ಪುಸ್ತಕಕ್ಕೆ, 2012ರಲ್ಲಿ ಜನರಿಂದ ಮುಂಗಡ ಹಣ ಕೂಡಿಸಿ ಉತ್ಪಾದಿಸುವ ಪದ್ಧತಿಗೇ ಪ್ರಶಸ್ತಿ ಸಂದಿತು. ಗುಟ್ಟಾಗಿ ಕುಳಿತು ಆರಿಸುವ ಸಮಿತಿ ಸಾಮಾನ್ಯವಾಗಿ ಮೆಚ್ಚಬೇಕಾದದ್ದಲ್ಲ. ಆದರೂ ಮಾರಾಟದ ಅಂಕಿಗಳನ್ನು ಬದಿಗಿಟ್ಟು ಕೆಲಸವನ್ನು ನೋಡಿದ ಉದಾಹರಣೆಗಳು ಈ ಪಟ್ಟಿಯಲ್ಲಿಯೇ ಹೆಚ್ಚಾಗಿ ಕಾಣುತ್ತವೆ.

ಜರ್ಮನಿಯ ವಿನ್ಯಾಸಕಾರರು ಪ್ರಶಸ್ತಿಗಾಗಿ ಕಾಯಲಿಲ್ಲ. ಅಲ್ಲಿನವು ಹೆಚ್ಚಾಗಿ ಹಲಗೆಯ ಮೇಲಿನ ಆಟಗಳಾದರೂ ಪ್ರಶ್ನೆ ಒಂದೇ. 1988ರಲ್ಲಿ ನ್ಯೂರೆಂಬರ್ಗ್ ಆಟಿಕೆ ಮೇಳದ ಸಮಯದಲ್ಲಿ 13 ಜನ ವಿನ್ಯಾಸಕಾರರು, ಬಿಯರ್ ಲೋಟದ ಅಡಿಗಿಡುವ ರಟ್ಟಿನ ಬಿಲ್ಲೆಯೊಂದರ ಮೇಲೆ, ಪೆಟ್ಟಿಗೆಯ ಮೇಲೆ ಹೆಸರು ಹಾಕದ ಪ್ರಕಾಶಕನಿಗೆ ಆಟ ಕೊಡುವುದಿಲ್ಲವೆಂದು ಬರೆದು ಸಹಿ ಮಾಡಿದರು. ಇಂದು ಜರ್ಮನ್ ಪೆಟ್ಟಿಗೆಗಳ ಮೇಲೆ ವಿನ್ಯಾಸಕಾರರ ಹೆಸರು ಕಾದಂಬರಿಕಾರರ ಹೆಸರಿನಂತೆಯೇ ಎದ್ದು ಕಾಣುತ್ತದೆ. ಆ ಹೆಸರನ್ನು ನೋಡಿಯೇ ಕೊಳ್ಳುವ ಗಿರಾಕಿಗಳೂ ಇದ್ದಾರೆ. ಪ್ರಕಾಶಕರಿಗೆ ಇದರಿಂದ ನಷ್ಟವಾಗಲಿಲ್ಲ.

ಎಣಿಕೆಗೆ ಬಾರದವರು

ಮಾರಾಟ, ಮತ, ಹೆಸರಿನ ಬಲ ಇವು ಮೂರೂ ಅಳತೆಗೋಲಾಗದಿದ್ದರೆ ಮತ್ತಾವುದು? ಮುಂದೆ ಬಂದವರು ಯಾರ ಕೆಲಸದ ಮೇಲೆ ಕಟ್ಟಿದರು ಎಂಬುದು ಹೆಚ್ಚು ನಂಬಬಹುದಾದ ಲೆಕ್ಕ. 1978ರ ‘ರೂನ್‌ಕ್ವೆಸ್ಟ್’ ಎಂದೊಡನೆ ನೆನಪಾಗುವುದು ಕೇಯೋಸಿಯಂ ಕಂಪನಿಯ ಸ್ಥಾಪಕ ಗ್ರೆಗ್ ಸ್ಟಾಫರ್ಡ್. ಕಥಾಲೋಕ ಅವರದೇ. ಆದರೆ ಯೋಧ, ಮಾಂತ್ರಿಕ ಎಂಬ ವರ್ಗಗಳನ್ನು ಕೈಬಿಟ್ಟು, ಬಳಸಿದ ಕೌಶಲವೇ ಬೆಳೆಯುವಂತೆ ಶೇಕಡಾವಾರು ನಿಯಮಗಳನ್ನು ರೂಪಿಸಿದವರಲ್ಲಿ ಪ್ರಮುಖರು ಸ್ಟೀವ್ ಪೆರಿನ್. ಸ್ಯಾಂಡಿ ಪೀಟರ್ಸನ್ ಅವರ 1981ರ ‘ಕಾಲ್ ಆಫ್ ಕ್ತುಲ್ಹು’ ಅದೇ ಅಡಿಪಾಯದ ಮೇಲೆ ನಿಂತಿತು. 2021ರಲ್ಲಿ ಪೆರಿನ್ ತೀರಿಕೊಂಡಾಗ, ತಾವು ದಶಕಗಳಿಂದ ಆಡುತ್ತಿದ್ದ ನಿಯಮಗಳ ಮೂಲಪುರುಷನ ಹೆಸರು ಅನೇಕರಿಗೆ ತಿಳಿದಿರಲಿಲ್ಲ.

ಜೀನ್ ವೆಲ್ಸ್ ಅವರದು ಇನ್ನೂ ಕಹಿಯಾದ ಕಥೆ. 1979ರಲ್ಲಿ ಟಿಎಸ್‌ಆರ್ ವಿನ್ಯಾಸ ವಿಭಾಗಕ್ಕೆ ನೇಮಿಸಿಕೊಂಡ ಮೊದಲ ಮಹಿಳೆ ಅವರು. ಅವರು ಬರೆದ ‘ಪ್ಯಾಲೆಸ್ ಆಫ್ ದಿ ಸಿಲ್ವರ್ ಪ್ರಿನ್ಸೆಸ್’ 1981ರಲ್ಲಿ ಮುದ್ರಣವಾಗಿ ಬಂದ ಕೂಡಲೇ ಕೆಲವು ಚಿತ್ರಗಳ ಬಗೆಗೆ ಕಂಪನಿಯ ಒಳಗೆ ಆಕ್ಷೇಪಣೆ ಎದ್ದು, ಪ್ರತಿಗಳನ್ನು ಹಿಂದಕ್ಕೆ ಪಡೆದು ನಾಶಮಾಡಲಾಯಿತು. ಅನಂತರ ಟಾಮ್ ಮೋಲ್ಡ್‌ವೇ ಅದನ್ನು ತಿದ್ದಿ ಬರೆದರು. ಹೊಸ ಪುಸ್ತಕದಲ್ಲಿ ಇಬ್ಬರ ಹೆಸರೂ ಇದೆ. ನಾಶವಾಗದೆ ಉಳಿದ ಕಿತ್ತಳೆ ಬಣ್ಣದ ಹೊದಿಕೆಯ ಕೆಲವೇ ಪ್ರತಿಗಳಿಗೆ ಸಂಗ್ರಾಹಕರು ಇಂದು ಭಾರಿ ಬೆಲೆ ಕೊಡುತ್ತಾರೆ. 2012ರಲ್ಲಿ ತೀರಿಕೊಂಡ ವೆಲ್ಸ್ ಅವರಿಗೆ ಆ ಬೆಲೆಯಲ್ಲಿ ಪಾಲಿರಲಿಲ್ಲ.

ಜೆನೆಲ್ ಜಾಕ್ವೇಸ್ 1979ರ ‘ಕ್ಯಾವರ್ನ್ಸ್ ಆಫ್ ಥ್ರೇಸಿಯ’ದಲ್ಲಿ, ಒಂದೇ ದಾರಿಯ ಬದಲು ಹತ್ತು ಕಡೆಯಿಂದ ಹೊಕ್ಕು ಹೊರಡಬಹುದಾದ ನೆಲಮಾಳಿಗೆಯನ್ನು ಕಟ್ಟಿದರು. ಆ ರಚನಾಕ್ರಮಕ್ಕೆ ಆಟಗಾರರು ಅವರ ಹೆಸರನ್ನೇ ಕ್ರಿಯಾಪದವಾಗಿಸಿ ಬಳಸಿದರು. ಗೌರವ ಪಟ್ಟಿಗೆ ಅವರು ಸೇರಿದ್ದು 2017ರಲ್ಲಿ. 2024ರ ಜನವರಿಯಲ್ಲಿ ನಿಧನರಾದರು. 2010ರ ‘ಅಪಾಕಲಿಪ್ಸ್ ವರ್ಲ್ಡ್’ನ ನಿಯಮಗಳಿಂದ ಹತ್ತಾರು ಹೊಸ ಆಟಗಳು ಕವಲೊಡೆದವು. ಆ ಆಟ ಪತಿ ವಿನ್ಸೆಂಟ್ ಬೇಕರ್ ಒಬ್ಬರದೆಂದೇ ಹೆಸರಾಯಿತು. 2016ರ ಎರಡನೆಯ ಆವೃತ್ತಿ ಪತ್ನಿ ಮೆಗ್ವೆ ಬೇಕರ್ ಅವರ ಹೆಸರನ್ನು ಜೊತೆಯಲ್ಲಿ ಹೊತ್ತುಬಂದಿತು. (ಇನ್ನೊಂದು ಬಗೆಯ ಗೊಂದಲವೂ ಉಂಟು. ಸ್ಟೀವ್ ಜಾಕ್ಸನ್ ಎಂಬ ಹೆಸರಿನ ಇಬ್ಬರು ಪ್ರಸಿದ್ಧರಿದ್ದಾರೆ: ಒಬ್ಬರು ಬ್ರಿಟಿಷರು, ಒಬ್ಬರು ಅಮೆರಿಕದವರು. ಬ್ರಿಟಿಷ್ ಜಾಕ್ಸನ್ ಆರಂಭಿಸಿದ ‘ಫೈಟಿಂಗ್ ಫ್ಯಾಂಟಸಿ’ ಮಾಲೆಗೆ ಅಮೆರಿಕದ ಜಾಕ್ಸನ್ ಮೂರು ಪುಸ್ತಕ ಬರೆದುಕೊಟ್ಟದ್ದರಿಂದ ಗ್ರಂಥಸೂಚಿಕಾರರಿಗೆ ತಲೆನೋವು ಶಾಶ್ವತವಾಯಿತು.)

ಕೆಲಸ ದೊಡ್ಡದಾಗಿದ್ದು ಮನುಷ್ಯ ಗೌರವಕ್ಕೆ ಅರ್ಹನಲ್ಲದಿದ್ದರೆ? ಮಿನೆಸೋಟ ವಿಶ್ವವಿದ್ಯಾಲಯದಲ್ಲಿ ದಕ್ಷಿಣ ಏಷ್ಯಾ ಅಧ್ಯಯನದ ಪ್ರಾಧ್ಯಾಪಕರಾಗಿದ್ದ ಎಂ. ಎ. ಆರ್. ಬಾರ್ಕರ್ ಉರ್ದು, ಬಲೂಚಿ ಭಾಷೆಗಳ ಪಠ್ಯಗಳನ್ನು ರಚಿಸಿದ ವಿದ್ವಾಂಸರು. 1975ರಲ್ಲಿ ಅವರ ‘ಎಂಪೈರ್ ಆಫ್ ದಿ ಪೆಟಲ್ ಥ್ರೋನ್’ ಆಟವನ್ನು ಟಿಎಸ್‌ಆರ್ ಪ್ರಕಟಿಸಿತು. ಐರೋಪ್ಯ ಕೋಟೆ-ಕುದುರೆಗಳ ಬದಲು ಭಾರತ ಮತ್ತು ಮಧ್ಯ ಅಮೆರಿಕಗಳ ಪ್ರಾಚೀನ ನಾಗರಿಕತೆಗಳ ಛಾಯೆಯುಳ್ಳ, ತನ್ನದೇ ಭಾಷೆ ಲಿಪಿಗಳಿದ್ದ ಲೋಕ ಅದು. ದಶಕಗಳ ಕಾಲ ಬಾರ್ಕರ್ ಅವರಿಗೆ ಸಲ್ಲಬೇಕಾದ ಮನ್ನಣೆ ಸಂದಿಲ್ಲವೆಂದು ಅಭಿಮಾನಿಗಳು ಹೇಳುತ್ತಿದ್ದರು. 2012ರಲ್ಲಿ ಅವರು ತೀರಿಕೊಂಡರು. 2022ರ ಮಾರ್ಚ್‌ನಲ್ಲಿ, ಅವರ ಕೃತಿಗಳನ್ನು ನೋಡಿಕೊಳ್ಳುವ ಪ್ರತಿಷ್ಠಾನವೇ ಒಂದು ಸಂಗತಿಯನ್ನು ಒಪ್ಪಿಕೊಂಡಿತು: 1991ರಲ್ಲಿ ಗುಪ್ತನಾಮದಲ್ಲಿ ಪ್ರಕಟವಾದ ನಾತ್ಸಿ ಪರ ಕಾದಂಬರಿಯೊಂದು ಬಾರ್ಕರ್ ಅವರದೇ ರಚನೆ. ಆಟದ ಇತಿಹಾಸ ಬರೆಯುವವರು ಅವರ ಹೆಸರನ್ನು ಅಳಿಸಲಾರರು. ಅಳಿಸಿದರೆ ಇತಿಹಾಸ ಸುಳ್ಳಾಗುತ್ತದೆ. ಆದರೆ ಹೆಸರನ್ನು ದಾಖಲಿಸುವುದು ಒಂದು, ಫಲಕ ಕೊಟ್ಟು ಹಾರ ಹಾಕುವುದು ಇನ್ನೊಂದು. ಮೊದಲನೆಯದು ಕೆಲಸಕ್ಕೆ ಸಲ್ಲುವ ಲೆಕ್ಕ. ಎರಡನೆಯದನ್ನು ಕೊಡುವಾಗ ಸಂಸ್ಥೆ ತನ್ನ ಗೌರವವನ್ನೂ ಒತ್ತೆಯಿಡುತ್ತದೆ. ಈ ಎರಡನ್ನು ಬೇರ್ಪಡಿಸಿ ನೋಡದ ಸಮಿತಿಗೆ ಇಂತಹ ಸಂದರ್ಭದಲ್ಲಿ ದಾರಿ ಕಾಣುವುದಿಲ್ಲ.

ದಾಖಲೆಯ ವಿಚಾರದಲ್ಲಿ ಈ ಉದ್ದಿಮೆ ಒಂದು ಒಳ್ಳೆಯ ಉಪಾಯವನ್ನು ತಾನೇ ಕಂಡುಕೊಂಡಿತ್ತು. 2000ದಲ್ಲಿ ವಿಜರ್ಡ್ಸ್ ಕಂಪನಿ ತನ್ನ ಮೂಲ ನಿಯಮಗಳನ್ನು ಇತರರೂ ಬಳಸಬಹುದಾದ ಮುಕ್ತ ಪರವಾನಗಿಯನ್ನು ಹೊರಡಿಸಿತು. ಅದರ 15ನೇ ಕಲಮಿನ ಪ್ರಕಾರ, ಯಾರು ಯಾರ ಕೃತಿಯಿಂದ ಮುಕ್ತ ಭಾಗವನ್ನು ತೆಗೆದುಕೊಂಡರೂ ಆ ಕೃತಿಯ ಸ್ವಾಮ್ಯಸೂಚನೆಯನ್ನು ತಮ್ಮ ಪುಸ್ತಕದಲ್ಲಿ ಮುದ್ರಿಸಲೇಬೇಕು. ಅವರಿಂದ ಪಡೆದವರು ಆ ಪಟ್ಟಿಗೆ ಇನ್ನೊಂದು ಸಾಲು ಸೇರಿಸಬೇಕು. ಆಸ್ತಿಯ ಕ್ರಯಪತ್ರದಲ್ಲಿ ಹಿಂದಿನ ಮಾಲೀಕರ ಸರಪಳಿ ಇರುವಂತೆಯೇ ಇದು. ಕೆಲವು ಪುಸ್ತಕಗಳಲ್ಲಿ ಈ ಪಟ್ಟಿ ಪುಟ ತುಂಬುವಷ್ಟು ಬೆಳೆಯಿತು. 2023ರ ಜನವರಿಯಲ್ಲಿ ಕಂಪನಿ ಪರವಾನಗಿಯನ್ನು ಬಿಗಿಗೊಳಿಸಲು ಹೊರಟ ಕರಡು ಬಯಲಾಗಿ ಸಣ್ಣ ಪ್ರಕಾಶಕರು ತಿರುಗಿಬಿದ್ದರು. ತಿಂಗಳು ಮುಗಿಯುವುದರೊಳಗೆ ಕಂಪನಿ ಹಿಂದೆ ಸರಿದು, ಮೂಲವನ್ನು ಹೆಸರಿಸಬೇಕೆಂಬ ಷರತ್ತಿನೊಡನೆ ತನ್ನ ನಿಯಮಗಳನ್ನು ‘ಕ್ರಿಯೇಟಿವ್ ಕಾಮನ್ಸ್’ ಪರವಾನಗಿಯಡಿ ಎಲ್ಲರಿಗೂ ಬಿಟ್ಟುಕೊಟ್ಟಿತು.

ಲೇಕ್ ಜಿನೀವಾದ ಪೆಟ್ಟಿಗೆಯ ಉತ್ತರಾಧಿಕಾರಿಯಾದ ಐದನೆಯ ಆವೃತ್ತಿ 2014ರಲ್ಲಿ ಬಂದಿತು. ಅದರ ಒಳಪುಟದಲ್ಲಿ, ಇದು ಗೈಗ್ಯಾಕ್ಸ್ ಮತ್ತು ಆರ್ನೆಸನ್ ನಿರ್ಮಿಸಿದ ಆಟದ ಆಧಾರದ ಮೇಲೆ ರಚಿತವಾದದ್ದೆಂದು ಮುದ್ರಿಸಲಾಗಿದೆ. ಅವರೊಡನೆ ಬ್ರಯನ್ ಬ್ಲೂಮ್, ರಾಬ್ ಕುಂಟ್ಜ್, ಜೇಮ್ಸ್ ವಾರ್ಡ್ ಅವರ ಹೆಸರುಗಳಿವೆ. ಜೀವವಿಮೆಯ ಮೇಲೆ ಸಾಲ ತೆಗೆದ ಡಾನ್ ಕೇ ಅವರ ಹೆಸರೂ ಇದೆ. ಅದರ ಕೆಳಗೆ, ಆಟವನ್ನು ಮುಂದೆ ಬೆಳೆಸಿದವರೆಂದು ಹೋಮ್ಸ್, ಮೋಲ್ಡ್‌ವೇ, ಮೆಂಟ್ಜರ್ ಮೊದಲಾದ ಇಪ್ಪತ್ತರಷ್ಟು ಹೆಸರುಗಳಿವೆ. ಜೀನ್ ವೆಲ್ಸ್ ಅವರ ಹೆಸರು ಅಲ್ಲಿಲ್ಲ.